ಹುಡುಕುವುದನ್ನು ಕಲಿಸುವವರು ಯಾರು?

ನನ್ನ ಅಣ್ಣನ ಮಗಳು ಸಿಂಧನೂರಿನಿಂದ ಸಂಶೋಧನೆಗೆಂದು ಈ ನಗರಕ್ಕೆ ಬಂದು ಒಂದು ವರ್ಷ ಸಂದಿತು. ನಿಜಾಮ್ ಆಡಳಿತದ ಕೊನೆಯ ಮೂರು ದಶಕಗಳಲ್ಲಿ ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳಲ್ಲಿ ಕನ್ನಡದ ಕಲಿಕೆ ಹೇಗೆ ಉಳಿದುಬಂತು ಎಂಬುದು ಆಕೆ ಆಯ್ದುಕೊಂಡಿರುವ ವಿಷಯ. ಹಾಸ್ಟೆಲಿನ ಊಟ ಬೇಸರವಾದ ಭಾನುವಾರಗಳಲ್ಲಿ ನಮ್ಮ ಮನೆಗೆ ಬರುತ್ತಾಳೆ. ಹೆಗಲಲ್ಲೊಂದು ಚೀಲ, ಚೀಲದಲ್ಲಿ ಪದವಿಯ ಮೊದಲ ವರ್ಷದಲ್ಲಿ ಕರ್ನಾಟಕ ಸರ್ಕಾರ ಉಚಿತವಾಗಿ ಕೊಟ್ಟ ಲ್ಯಾಪ್‌ಟಾಪ್. ಕೆಲವು ತಿಂಗಳ ಹಿಂದೆ ಅಂಥದೊಂದು ಭಾನುವಾರ ಬಂದವಳೇ, "ಕಾಕಾ, ನೀವು ಹೇಳಿದ ಪುಸ್ತಕ ಎಲ್ಲೂ ಸಿಗವಲ್ದು. ಅಂಥಾದ್ದೊಂದು ಖರೇನ ಐತೋ ಇಲ್ಲೋ ಅನಿಸ್ತದ" ಎಂದಳು. ನಾನು ಹೇಳಿದ್ದು 1930ರ ದಶಕದಲ್ಲಿ ಧಾರವಾಡದಲ್ಲಿ ಅಚ್ಚಾದ ಒಂದು ಚಿಕ್ಕ ಪುಸ್ತಕ. ವಿದ್ಯಾರ್ಥಿಯಾಗಿದ್ದಾಗ ಅದನ್ನು ನಾನು ಕಣ್ಣಾರೆ ಕಂಡಿದ್ದೆ, ಓದಿಯೂ ಇದ್ದೆ.

ಹೇಗೆ ಹುಡುಕಿದೆ, ತೋರಿಸು ಎಂದೆ. ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರನ್ನು ಬರೆದು, ಬಂದ ಮೊದಲ ಪುಟವನ್ನಷ್ಟೇ ನೋಡಿ ಕೈಬಿಟ್ಟಿದ್ದಳು. ಇಬ್ಬರೂ ಕೂತು ಮತ್ತೆ ಹುಡುಕಿದೆವು. ಕನ್ನಡ ಲಿಪಿಯಲ್ಲಿ ಬರೆದಾಗ ಏನೂ ಬರಲಿಲ್ಲ. ಲೇಖಕರ ಕಾವ್ಯನಾಮವನ್ನು ಕೊಟ್ಟೆವು, ಬರಲಿಲ್ಲ. ಮನೆತನದ ಹೆಸರನ್ನು ಮುಂದಿಟ್ಟು, ದೀರ್ಘಗಳನ್ನೆಲ್ಲ ಹ್ರಸ್ವ ಮಾಡಿ, ಕೂಡಿಬಂದ ಪದವನ್ನು ಎರಡಾಗಿ ಒಡೆದು ಬರೆದಾಗ ನಾಲ್ಕನೆಯದೋ ಐದನೆಯದೋ ಪ್ರಯತ್ನಕ್ಕೆ ಪುಸ್ತಕ ಪರದೆಯ ಮೇಲೆ ಪ್ರತ್ಯಕ್ಷವಾಯಿತು. ಅಮೆರಿಕದ ಇಂಟರ್ನೆಟ್ ಆರ್ಕೈವ್ ಎಂಬ ಸಂಗ್ರಹದಲ್ಲಿ ಅದರ ಛಾಯಾಪ್ರತಿ ಇತ್ತು. ಮೊದಲ ಪುಟದಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಗ್ರಂಥಾಲಯದ ಚೀಟಿ. ಕರೆಸಂಖ್ಯೆ, ಪ್ರವೇಶಸಂಖ್ಯೆ, ಕರ್ತೃ, ಕೃತಿ, ಮತ್ತು ಕೆಳಗೆ ಗುರುತಿಸಿದ ಕೊನೆಯ ದಿನಾಂಕದೊಳಗೆ ಪುಸ್ತಕವನ್ನು ಹಿಂತಿರುಗಿಸತಕ್ಕದ್ದೆಂಬ ಸೂಚನೆ. ಆಕೆ ಎಲ್ಲೂ ಇಲ್ಲವೆಂದ ಪುಸ್ತಕ ಇದೇ ನಗರದ ಕಪಾಟಿನಿಂದ ಹೊರಟು ಲೋಕ ಸುತ್ತಿ ಮತ್ತೆ ನಮ್ಮ ಊಟದ ಮೇಜಿಗೆ ಬಂದಿತ್ತು.

ಇದನ್ನೆಲ್ಲ ನಿಮಗೆ ಯಾರೂ ಕಲಿಸಲಿಲ್ಲವೇ ಎಂದು ಕೇಳಿದೆ. "ಮೊದಲನೇ ವರ್ಷ ಒಂದಿನ ಎಲ್ಲಾರನ್ನೂ ಲೈಬ್ರರಿಗೆ ಕರಕೊಂಡು ಹೋಗಿದ್ರು ಕಾಕಾ. ಇಲ್ಲಿ ಚೀಲ ಇಡ್ರಿ, ಇಲ್ಲಿ ಮಾತಾಡಬ್ಯಾಡ್ರಿ ಅಂತ ಹೇಳಿ ಸಹಿ ಮಾಡಿಸ್ಕೊಂಡು ಕಳಿಸಿದ್ರು" ಎಂದಳು. ಐದು ವರ್ಷಗಳ ಕಾಲೇಜು ಶಿಕ್ಷಣದಲ್ಲಿ ಗ್ರಂಥಾಲಯದ ಬಗ್ಗೆ ಆಕೆ ಪಡೆದ ಬೋಧನೆ ಇಷ್ಟು. ಆಕೆ ದಡ್ಡಿಯಲ್ಲ, ಸೋಮಾರಿಯೂ ಅಲ್ಲ. ಆ ಯಂತ್ರದಲ್ಲಿ ಅರ್ಜಿ ತುಂಬುತ್ತಾಳೆ, ಪರೀಕ್ಷೆಯ ಫಲಿತಾಂಶ ನೋಡುತ್ತಾಳೆ, ಸಿನಿಮಾ ನೋಡುತ್ತಾಳೆ, ಪ್ರಬಂಧದ ಅಧ್ಯಾಯಗಳನ್ನು ಬೆರಳಚ್ಚು ಮಾಡುತ್ತಾಳೆ. ಪುಸ್ತಕ ಹುಡುಕುವುದಕ್ಕೆ ಮಾತ್ರ ಅದು ಆಕೆಯ ಕೈಯಲ್ಲಿ ಒದಗಲಿಲ್ಲ.

ಈ ಪ್ರಸಂಗವನ್ನು ಓದುಗರ ಮುಂದಿಡುವುದಕ್ಕೆ ಕಾರಣವಿದೆ. ನಮ್ಮ ಸರ್ಕಾರಗಳು ಯಂತ್ರಗಳನ್ನು ಕೊಟ್ಟಿವೆ. ವಿಶ್ವವಿದ್ಯಾಲಯಗಳು ಮತ್ತು ಹಲವು ಸಂಸ್ಥೆಗಳು ಪುಸ್ತಕಗಳನ್ನು ಗಣಕಕ್ಕೆ ಏರಿಸಿವೆ. ಇವೆರಡರ ನಡುವೆ ನಿಂತು ದಾರಿ ಹೇಳಿಕೊಡುವ ಕೆಲಸ ಯಾರದೆಂಬುದನ್ನು ಯಾರೂ ನಿರ್ಧರಿಸಿಲ್ಲ. ಹಗುರ ಲ್ಯಾಪ್‌ಟಾಪ್‌ಗಳನ್ನು ಲಕ್ಷಗಟ್ಟಲೆ ಹಂಚುವ ಮುನ್ನ ಪ್ರತಿಯೊಂದು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಮೂವತ್ತನ್ನು ಕೊಟ್ಟು, ಅವುಗಳ ಮೂಲಕ ಹುಡುಕುವ ವಿದ್ಯೆಯನ್ನು ಕಲಿಸುವ ಹೊಣೆಯನ್ನು ಗ್ರಂಥಪಾಲರಿಗೆ ವಹಿಸಬೇಕೆಂಬುದು, ಆ ಕಲಿಕೆಗೆ ವೇಳಾಪಟ್ಟಿಯಲ್ಲಿ ಒಂದು ಸ್ಥಾನ ಇರಬೇಕೆಂಬುದು ನನ್ನ ವಾದ.

ಹಂಚಿಕೆಯ ಇತಿಹಾಸ ದೊಡ್ಡದು. ತಮಿಳುನಾಡಿನಲ್ಲಿ 2011ರಿಂದ ಉಚಿತ ಲ್ಯಾಪ್‌ಟಾಪ್ ಯೋಜನೆ ನಡೆಯಿತು. ಉತ್ತರ ಪ್ರದೇಶ ಅದನ್ನು ಅನುಸರಿಸಿತು. ಕರ್ನಾಟಕ 2020ರ ಸುಮಾರಿಗೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಲ್ಯಾಪ್‌ಟಾಪ್ ಕೊಟ್ಟಿತು, 2021ರಲ್ಲಿ ಟ್ಯಾಬ್ಲೆಟ್‌ಗಳನ್ನು ಕೊಟ್ಟಿತು. ನಮ್ಮ ಹೈದರಾಬಾದಿಗೂ ಈ ಕಥೆಯಲ್ಲಿ ಪಾತ್ರವಿದೆ. 2011ರ ಅಕ್ಟೋಬರ್ 5ರಂದು ದೆಹಲಿಯಲ್ಲಿ ಅಂದಿನ ಮಾನವ ಸಂಪನ್ಮೂಲ ಸಚಿವ ಕಪಿಲ್ ಸಿಬಲ್ ಅವರು ಬಿಡುಗಡೆ ಮಾಡಿದ 'ಆಕಾಶ್' ಎಂಬ ಅಗ್ಗದ ಟ್ಯಾಬ್ಲೆಟ್ ಜೋಡಣೆಯಾದದ್ದು ಇದೇ ನಗರದಲ್ಲಿ. ಅಂಗೈಯಲ್ಲಿ ಹಿಡಿಯಬಹುದಾದ ಏಳು ಅಂಗುಲದ ಪರದೆ. ಸರ್ಕಾರ ತೆತ್ತ ಬೆಲೆ 2,276 ರೂಪಾಯಿ. ವಿಶ್ವದ ಅತ್ಯಂತ ಅಗ್ಗದ ಗಣಕವೆಂದು ಪತ್ರಿಕೆಗಳು ಕೊಂಡಾಡಿದವು. ಅದು ನಿಧಾನ, ಅದರ ಪರದೆ ಬೆರಳಿಗೆ ಸರಿಯಾಗಿ ಓಗೊಡುವುದಿಲ್ಲ ಎಂಬ ದೂರುಗಳೂ ಅದೇ ಪತ್ರಿಕೆಗಳಲ್ಲಿ ಬಂದವು. ಮರುವರ್ಷ ಸುಧಾರಿಸಿದ ಆವೃತ್ತಿ ಬಂತು. ಬಳಿಕ ಆ ಹೆಸರೇ ಮರೆಯಾಯಿತು. ಆಗ ನಡೆದ ಚರ್ಚೆಯೆಲ್ಲ ಬೆಲೆಯ ಸುತ್ತ, ಪರದೆಯ ಸುತ್ತ, ಗುತ್ತಿಗೆಯ ಸುತ್ತ. ಅದನ್ನು ಕೈಯಲ್ಲಿ ಹಿಡಿದ ವಿದ್ಯಾರ್ಥಿ ಸೋಮವಾರ ಬೆಳಿಗ್ಗೆ ಅದರಿಂದ ಏನನ್ನು, ಯಾರ ಬಳಿ ಕಲಿಯಬೇಕೆಂಬುದರ ಬಗ್ಗೆ ನಾನು ಓದಿದ ನೆನಪಿಲ್ಲ.

ಹೀಗೇಕಾಗುತ್ತದೆ ಎಂಬುದನ್ನು ಮೂರು ದಶಕಗಳ ಸರ್ಕಾರಿ ಚಾಕರಿಯ ಅನುಭವದಿಂದ ಸ್ವಲ್ಪ ಹೇಳಬಲ್ಲೆ. ಸರ್ಕಾರದಲ್ಲಿ ಯಂತ್ರವನ್ನು ಕೊಳ್ಳುವುದು ಸುಲಭ, ಮನುಷ್ಯನನ್ನು ನೇಮಿಸುವುದು ಕಷ್ಟ. ಯಂತ್ರ ಒಮ್ಮೆ ಮಾಡುವ ವೆಚ್ಚ. ಟೆಂಡರಿನ ದಾರಿ ಸ್ಪಷ್ಟವಾಗಿದೆ. ಕನಿಷ್ಠ ದರ ಕೊಟ್ಟವನಿಗೆ ಆದೇಶ. ಮಾರ್ಚ್ ಸಮೀಪಿಸಿದಂತೆ ಕಡತಕ್ಕೆ ರೆಕ್ಕೆ ಬರುತ್ತದೆ. ವಿತರಣಾ ಸಮಾರಂಭದಲ್ಲಿ ಭಾವಚಿತ್ರ ತೆಗೆಯಬಹುದು. ಗ್ರಂಥಪಾಲರ ಒಂದು ಹುದ್ದೆಯಾದರೋ ಮೂವತ್ತು ವರ್ಷದ ಸಂಬಳ, ಅದರ ಮೇಲೆ ಪಿಂಚಣಿ. ಆ ಕಡತ 'ಚರ್ಚಿಸಿ' ಎಂಬ ಟಿಪ್ಪಣಿ ಹೊತ್ತು ಮೇಜಿನಿಂದ ಮೇಜಿಗೆ ಅಲೆಯುತ್ತದೆ. ಹುದ್ದೆ ಖಾಲಿಯಾದರೆ ತುಂಬುವವರೆಗೆ ಗುತ್ತಿಗೆಯ ವ್ಯವಸ್ಥೆ. ಗುತ್ತಿಗೆಯ ಹುಡುಗನಿಗೆ ಪುಸ್ತಕ ಕೊಟ್ಟು ತೆಗೆದುಕೊಳ್ಳುವುದರಲ್ಲೇ ಹೊತ್ತು ಹೋಗುತ್ತದೆ. ನಾನು ಹಿಂದೆ ಕೆಲಸ ಮಾಡಿದ ಒಂದು ಕಚೇರಿಯಲ್ಲಿ ತರಬೇತಿಗೆಂದು ಹತ್ತು ಲ್ಯಾಪ್‌ಟಾಪ್‌ಗಳನ್ನು ತರಿಸಿದ್ದರು. ತರಬೇತುದಾರರು ಬರಲಿಲ್ಲ. ದಾಸ್ತಾನು ಪರಿಶೀಲನೆಯಲ್ಲಿ ಲೆಕ್ಕ ತಪ್ಪಬಾರದೆಂದು ಅವನ್ನು ಅಲ್ಮೇರಾದಲ್ಲಿಟ್ಟು ಬೀಗ ಹಾಕಿದರು. ಪ್ರತಿ ವರ್ಷ ಎಣಿಸಿದಾಗ ಹತ್ತೂ ಸರಿಯಾಗಿದ್ದವು. ಕೊನೆಗೆ ಬ್ಯಾಟರಿ ಸತ್ತ ಯಂತ್ರಗಳೆಂದು ನಿರುಪಯುಕ್ತ ವಸ್ತುಗಳ ಪಟ್ಟಿಗೆ ಸೇರಿದವು.

ಇನ್ನು ಪುಸ್ತಕದ ಕಡೆಯ ಲೆಕ್ಕ. ಹೈದರಾಬಾದ್, ಬೆಂಗಳೂರು, ಗುಲಬರ್ಗಾ ಯಾವುದೇ ಇರಲಿ, ಇಂದಿನ ವಿಶ್ವವಿದ್ಯಾಲಯದ ವಿದ್ಯಾರ್ಥಿಗೆ ತೆರೆದಿರುವ ಬಾಗಿಲುಗಳು ನಮ್ಮ ಕಾಲದವರು ಊಹಿಸಲಾರದಷ್ಟು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ 'ಶೋಧಗಂಗಾ'ದಲ್ಲಿ ದೇಶದ ವಿಶ್ವವಿದ್ಯಾಲಯಗಳ ಸಂಶೋಧನ ಪ್ರಬಂಧಗಳಿವೆ. ಪ್ರಬಂಧಗಳ ವಿದ್ಯುನ್ಮಾನ ಪ್ರತಿ ಸಲ್ಲಿಸಬೇಕೆಂದು ಯುಜಿಸಿ 2009ರಲ್ಲೇ ನಿಯಮ ಮಾಡಿತು. ಖರಗಪುರದ ಐಐಟಿ ಕಟ್ಟಿದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ 2018ರ ಜೂನ್‌ನಲ್ಲಿ ರಾಷ್ಟ್ರಕ್ಕೆ ಅರ್ಪಿತವಾಯಿತು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ 'ಭಾರತವಾಣಿ' 2016ರಿಂದ ನಿಘಂಟುಗಳನ್ನೂ ಗ್ರಂಥಗಳನ್ನೂ ಒದಗಿಸುತ್ತಿದೆ. ಇವೆಲ್ಲಕ್ಕಿಂತ ದೊಡ್ಡದು 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆ. 2024ರ ನವೆಂಬರ್ 25ರಂದು ಕೇಂದ್ರ ಸಂಪುಟ ಇದಕ್ಕೆ ಒಪ್ಪಿಗೆ ಕೊಟ್ಟಿತು. 2025ರಿಂದ 2027ರವರೆಗೆ ಮೂರು ವರ್ಷಗಳಿಗೆ ಸುಮಾರು 6,000 ಕೋಟಿ ರೂಪಾಯಿ; 30 ಪ್ರಕಾಶಕರ 13,000ದಷ್ಟು ಪತ್ರಿಕೆಗಳು; 6,300ಕ್ಕೂ ಹೆಚ್ಚು ಸಂಸ್ಥೆಗಳು; ಸುಮಾರು 1.8 ಕೋಟಿ ವಿದ್ಯಾರ್ಥಿಗಳು, ಅಧ್ಯಾಪಕರು, ಸಂಶೋಧಕರು. ಒಬ್ಬ ಸರ್ಕಾರಿ ನೌಕರನಾಗಿ ಈ ಯೋಜನೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ದೂರದ ಜಿಲ್ಲೆಯ ಸರ್ಕಾರಿ ಕಾಲೇಜಿಗೂ ದೆಹಲಿಯ ಸಂಸ್ಥೆಗೂ ಒಂದೇ ಚಂದಾ ಎಂಬುದು ಸಣ್ಣ ಮಾತಲ್ಲ. ಆದರೆ ಅದರಲ್ಲಿ ಪ್ರಚಾರಾಂದೋಲನಗಳ ಮಾತಿದೆಯೇ ಹೊರತು ಬೋಧನೆಯ ಮಾತು ನನ್ನ ಕಣ್ಣಿಗೆ ಬೀಳಲಿಲ್ಲ. ಭಿತ್ತಿಪತ್ರ ಅಂಟಿಸಿದರೆ ಈಜು ಬರುವುದಿಲ್ಲವಷ್ಟೆ.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತಿದೆ. ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಯುಜಿಸಿ 2019ರ ಕೊನೆಯಲ್ಲಿ ಸಂಶೋಧನೆ ಮತ್ತು ಪ್ರಕಟಣೆಯ ನೀತಿಯನ್ನು ಕುರಿತು ಎರಡು ಕ್ರೆಡಿಟ್‌ಗಳ, 30 ಗಂಟೆಗಳ ಪಾಠವನ್ನು ಕಡ್ಡಾಯ ಮಾಡಿತು. ಅದರಲ್ಲಿ ದತ್ತಸಂಚಯಗಳ ಬಗ್ಗೆ ಒಂದು ಭಾಗವೂ ಇದೆ. ಒಳ್ಳೆಯದೇ. ಆದರೆ ಆ ಭಾಗದ ಒತ್ತು ಉಲ್ಲೇಖಗಳ ಎಣಿಕೆ, ಪತ್ರಿಕೆಗಳ ಪ್ರಭಾವಾಂಕ ಮುಂತಾದವುಗಳ ಮೇಲೆ. ಪಿಎಚ್.ಡಿ.ಗೆ ಬರುವ ಹೊತ್ತಿಗೆ ವಿದ್ಯಾರ್ಥಿ ಐದು ವರ್ಷ ಹುಡುಕದೆಯೇ ಕಳೆದಿರುತ್ತಾನೆ. ಆಂಗ್ಲ ಪತ್ರಿಕೆಯ ಅಂಕ ಅಳೆಯಲು ಕಲಿತವನಿಗೆ ಧಾರವಾಡದ ಹಳೆಯ ಪುಸ್ತಕ ಎಲ್ಲಿದೆಯೆಂದು ತಿಳಿಯುವುದಿಲ್ಲ.

ಹಾಗಾದರೆ ಹಗುರ ಯಂತ್ರವೇ ಏಕೆ? ಪ್ರತಿ ವಿಶ್ವವಿದ್ಯಾಲಯದಲ್ಲೂ ಗಣಕ ಪ್ರಯೋಗಾಲಯ ಇದೆಯಲ್ಲ ಎಂದು ಕೇಳುವವರುಂಟು. ಇಂಥ ಪ್ರಯೋಗಾಲಯದಲ್ಲಿ ಕೂತು ನೋಡಿದವರಿಗೆ ಉತ್ತರ ಗೊತ್ತು. ಗೋಡೆಗೆ ಮುಖ ಮಾಡಿದ ಸಾಲು ಪರದೆಗಳು. ವಿದ್ಯಾರ್ಥಿ ಪಾಠ ಹೇಳುವವರಿಗೆ ಬೆನ್ನು ತೋರಿಸಿ ಕೂರಬೇಕು. ಆ ಕೊಠಡಿ ಗಣಕ ವಿಭಾಗದ್ದು. ಅವರ ಪರೀಕ್ಷೆ, ಅವರ ತರಗತಿ ಮುಗಿದ ಮೇಲೆ ಉಳಿದ ಹೊತ್ತು ಮಾತ್ರ ಇತರರಿಗೆ. ಎಲ್ಲಕ್ಕಿಂತ ಮುಖ್ಯವಾಗಿ, ಅದು ಪುಸ್ತಕಗಳಿಂದ ದೂರ. ಪರದೆಯ ಮೇಲೆ ಕಂಡ ಕರೆಸಂಖ್ಯೆಯನ್ನು ಹಿಡಿದು ಕಪಾಟಿನ ಬಳಿಗೆ ಹೋಗಬೇಕು, ಅಲ್ಲಿ ಆ ಪುಸ್ತಕದ ಎಡಬಲಗಳಲ್ಲಿ ಏನಿದೆ ಎಂದು ನೋಡಬೇಕು, ನೋಡಿದ್ದನ್ನು ಮತ್ತೆ ಪರದೆಯಲ್ಲಿ ಪರಿಶೀಲಿಸಬೇಕು. ಗ್ರಂಥಾಲಯ ಶಿಕ್ಷಣದ ತಿರುಳು ಈ ಓಡಾಟದಲ್ಲಿದೆ. ಮೇಜಿಗೆ ತಂತಿಯಿಂದ ಬಿಗಿದ ಯಂತ್ರದೊಡನೆ ಅದು ಸಾಧ್ಯವಿಲ್ಲ. 1981ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಆಸ್ಬರ್ನ್ ಎಂಬ ಒಯ್ಯಬಹುದಾದ ಗಣಕ ಸುಮಾರು 11 ಕಿಲೋ ತೂಗುತ್ತಿತ್ತು. ಅದನ್ನು ಒಯ್ಯಲು ಕೂಲಿಯಾಳು ಬೇಕಾಗುತ್ತಿತ್ತೇನೋ. 2007ರಲ್ಲಿ ಏಸುಸ್ ಕಂಪನಿಯ ಚಿಕ್ಕ ಯಂತ್ರ ಒಂದು ಕಿಲೋಗಿಂತ ಕಡಿಮೆ ತೂಕದಲ್ಲಿ ಬಂತು. ನೆಟ್‌ಬುಕ್ ಎಂದು ಕರೆಸಿಕೊಂಡ ಆ ಜಾತಿಯ ಯಂತ್ರಗಳನ್ನು ಅಲ್ಲಿನ ವಿಶ್ವವಿದ್ಯಾಲಯಗಳ ಗ್ರಂಥಪಾಲರು ತಳ್ಳುಗಾಡಿಯಲ್ಲಿ ಜೋಡಿಸಿಕೊಂಡು, ಎಲ್ಲಿ ಓದುಗರಿದ್ದರೋ ಅಲ್ಲಿಗೆ ಒಯ್ದು ಪಾಠ ಹೇಳತೊಡಗಿದರು. ನೆಟ್‌ಬುಕ್ ಎಂಬ ಹೆಸರು ಇಂದು ಹಳತಾಯಿತು. ಅದಕ್ಕಿಂತ ಎಷ್ಟೋ ಸಮರ್ಥವಾದ, ಒಂದೂವರೆ ಕಿಲೋದೊಳಗಿನ ಯಂತ್ರಗಳು ಈಗ 30,000 ರೂಪಾಯಿಯ ಆಸುಪಾಸಿನಲ್ಲಿ ದೊರೆಯುತ್ತವೆ. ಮೂವತ್ತು ಯಂತ್ರಕ್ಕೆ ಹೆಚ್ಚೆಂದರೆ 9 ಲಕ್ಷ. ನಮ್ಮ ವಿಶ್ವವಿದ್ಯಾಲಯಗಳ ಘಟಿಕೋತ್ಸವದ ಶಾಮಿಯಾನಕ್ಕೆ ಎಷ್ಟಾಗುತ್ತದೆಂದು ನಾನು ಕೇಳಹೋಗುವುದಿಲ್ಲ.

ಓದುಗನ ಬಳಿಗೇ ಗ್ರಂಥಾಲಯ ಹೋಗುವುದು ಅಮೆರಿಕದಿಂದ ಎರವಲು ತರಬೇಕಾದ ವಿಚಾರವಲ್ಲ. 1931ರಲ್ಲಿ ತಂಜಾವೂರು ಸೀಮೆಯ ಮನ್ನಾರ್‌ಗುಡಿಯಲ್ಲಿ ಕನಕಸಭೈ ಪಿಳ್ಳೆಯವರು ಎತ್ತಿನ ಗಾಡಿಯಲ್ಲಿ ಪುಸ್ತಕಗಳನ್ನು ತುಂಬಿ ಹಳ್ಳಿಗಳಿಗೆ ಕಳಿಸಿದರು. ಅದೇ 1931ರಲ್ಲಿ ಎಸ್.ಆರ್. ರಂಗನಾಥನ್ ಅವರ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳು ಅಚ್ಚಾದವು. ನಮ್ಮಲ್ಲಿ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ಅಲೆದದ್ದು ಉತ್ತರ ಕರ್ನಾಟಕದ ಹಳಬರ ಮನೆಮಾತು. ರಂಗನಾಥನ್ ಅವರು ಮೂಲತಃ ಗಣಿತದ ಅಧ್ಯಾಪಕರು. 1924ರಲ್ಲಿ ಮದ್ರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾದರು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, 1962ರಲ್ಲಿ ಅಲ್ಲಿ ಡಿಆರ್‌ಟಿಸಿ ಎಂಬ ತರಬೇತಿ ಕೇಂದ್ರವನ್ನು ಕಟ್ಟಿ, 1972ರಲ್ಲಿ ಅಲ್ಲೇ ತೀರಿಕೊಂಡರು. ಹೊಸದಾಗಿ ಬಂದ ಓದುಗನಿಗೆ ಗ್ರಂಥಾಲಯವನ್ನು ಪರಿಚಯಿಸಿ ಕೈಹಿಡಿದು ನಡೆಸುವುದು ಗ್ರಂಥಪಾಲನ ಸೇವೆಯ ಅಂಗವೆಂದು ಅವರು ಬಗೆದಿದ್ದರು. ಅಧ್ಯಾಪಕನಾಗಿ ಬಂದವನು ಗ್ರಂಥಪಾಲನಾದುದರ ಫಲವಿರಬೇಕು ಇದು. ಇಂದು ಗ್ರಂಥಪಾಲರಿಗೆ ಯುಜಿಸಿ ಅಧ್ಯಾಪಕರಿಗೆ ಸಮಾನವಾದ ವೇತನಶ್ರೇಣಿ ಕೊಟ್ಟಿದೆ; ತರಗತಿಯನ್ನು ಮಾತ್ರ ಕೊಟ್ಟಿಲ್ಲ.

ಕನ್ನಡದ ವಿದ್ಯಾರ್ಥಿಗೆ ಈ ಶಿಕ್ಷಣ ಇನ್ನಷ್ಟು ಅಗತ್ಯ. ಆಂಗ್ಲ ಸಾಹಿತ್ಯದ ವಿದ್ಯಾರ್ಥಿ ಲೇಖಕನ ಹೆಸರನ್ನು ಒಂದು ಬಗೆಯಲ್ಲಿ ಬರೆದರೆ ಸಾಕು, ಪುಸ್ತಕಗಳು ಸಾಲುಗಟ್ಟಿ ಬರುತ್ತವೆ. ನಮ್ಮಲ್ಲಿ ಹಾಗಿಲ್ಲ. ಕುವೆಂಪು ಒಂದು ಸೂಚಿಯಲ್ಲಿ ಕುವೆಂಪು, ಇನ್ನೊಂದರಲ್ಲಿ ಪುಟ್ಟಪ್ಪ ಕೆ.ವಿ. ಶ್ರೀರಂಗರು ಕೆಲವು ಕಡೆ ಶ್ರೀರಂಗ, ಕೆಲವು ಕಡೆ ಆದ್ಯ ರಂಗಾಚಾರ್ಯ, ಮತ್ತೊಂದು ಕಡೆ ಜಾಗೀರದಾರ. ಮಾಸ್ತಿಯವರನ್ನು 'ಶ್ರೀನಿವಾಸ' ಎಂದೂ ಬೇಂದ್ರೆಯವರನ್ನು 'ಅಂಬಿಕಾತನಯದತ್ತ' ಎಂದೂ ಹುಡುಕಬೇಕಾಗುತ್ತದೆ. ಇದರ ಮೇಲೆ ಲಿಪಿಯ ಗೊಂದಲ. ಕನ್ನಡದ ಹೆಸರನ್ನು ರೋಮನ್ ಲಿಪಿಗೆ ಇಳಿಸುವಾಗ ಒಬ್ಬರು ದೀರ್ಘಕ್ಕೆ ಗೆರೆ ಎಳೆಯುತ್ತಾರೆ, ಒಬ್ಬರು ಅಕ್ಷರ ಇಮ್ಮಡಿಸುತ್ತಾರೆ, ಒಬ್ಬರು ಏನೂ ಮಾಡುವುದಿಲ್ಲ. ಳಕಾರ ಲಕಾರವಾಗುತ್ತದೆ, ಣಕಾರ ನಕಾರವಾಗುತ್ತದೆ. ಕನ್ನಡ ಲಿಪಿಯಲ್ಲೇ ಸೂಚಿ ಮಾಡಿದ ಕಡೆಗಳಲ್ಲೂ ಹಳೆಯ ತಂತ್ರಾಂಶಗಳಲ್ಲಿ ಬೆರಳಚ್ಚು ಮಾಡಿದ್ದು ಯೂನಿಕೋಡ್‌ನಲ್ಲಿ ಹುಡುಕುವವನಿಗೆ ಕಾಣುವುದಿಲ್ಲ. ಕಪಾಟಿನ ವಿಷಯಕ್ಕೆ ಬಂದರೆ, ಡ್ಯೂಯಿ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯಕ್ಕೆ 894.814, ತೆಲುಗಿಗೆ 894.827. ಲಿಪಿಯಲ್ಲಿ ಅಕ್ಕತಂಗಿಯರಾದವರು ಅಂಕಿಯಲ್ಲಿ ಬೇರೆ ಬೇರೆ ಓಣಿಯವರು. ಭಾಷಾಶಾಸ್ತ್ರದ ದೃಷ್ಟಿಯಿಂದ ಅದು ಸರಿಯೇ. ಈ ಎರಡು ಸಂಖ್ಯೆಗಳು ಗೊತ್ತಿದ್ದ ಹೈದರಾಬಾದಿನ ವಿದ್ಯಾರ್ಥಿ ಯಾವ ಗ್ರಂಥಾಲಯಕ್ಕೆ ಹೋದರೂ ಅರ್ಧ ದಾರಿ ತಾನೇ ನಡೆಯಬಲ್ಲ.

ಈ ಮಾತಿಗೆ ಅತ್ಯುತ್ತಮ ನಿದರ್ಶನ ನಮ್ಮ ಊರಿನಲ್ಲೇ ಇದೆ. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನ ಮಾಧ್ಯಮ ಉರ್ದು ಆಗಿದ್ದರೂ ಕನ್ನಡ ಅಲ್ಲಿ ಭಾಷೆಯಾಗಿ ಸ್ಥಾನ ಪಡೆದಿತ್ತು. ಡಿ.ಕೆ. ಭೀಮಸೇನರಾಯರಂಥವರು ಅಲ್ಲಿ ಕನ್ನಡ ಪಾಠ ಹೇಳಿದರು. ಅಂಥವರ ಕಾಲದಲ್ಲಿ ತರಿಸಿದ ಮೈಸೂರು, ಧಾರವಾಡ, ಮಂಗಳೂರುಗಳ ಪ್ರಕಟಣೆಗಳು ಅಲ್ಲಿನ ಕಪಾಟುಗಳಲ್ಲಿ ಸೇರಿಕೊಂಡವು. ಈ ಶತಮಾನದ ಆರಂಭದಲ್ಲಿ, ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರಾಜ್ ರೆಡ್ಡಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಬಾಲಕೃಷ್ಣನ್ ಮೊದಲಾದವರ ಮುಂದಾಳುತನದಲ್ಲಿ ಹತ್ತು ಲಕ್ಷ ಪುಸ್ತಕಗಳನ್ನು ಗಣಕಕ್ಕೆ ಏರಿಸುವ ಸಾಹಸ ಆರಂಭವಾದಾಗ ಹೈದರಾಬಾದಿನ ಐಐಐಟಿ ಅದರ ಒಂದು ಮುಖ್ಯ ಕೇಂದ್ರವಾಯಿತು. ಉಸ್ಮಾನಿಯಾದ ಪುಸ್ತಕಗಳ ಛಾಯಾಪ್ರತಿಗಳೂ ಆದವು. ಭಾರತೀಯ ಡಿಜಿಟಲ್ ಗ್ರಂಥಾಲಯವೆಂದು ಪ್ರಸಿದ್ಧವಾದ ಆ ತಾಣ ಕೆಲವು ವರ್ಷಗಳ ಹಿಂದೆ ಮುಚ್ಚಿತು. ಅದರ ಅನೇಕ ಪುಸ್ತಕಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಳಿದಿವೆ. ಕೆಲಸ ದೊಡ್ಡದು, ಮಾಡಿದವರು ವಂದನೀಯರು. ಆದರೆ ಪುಸ್ತಕಗಳ ಹೆಸರುಗಳನ್ನು ರೋಮನ್ ಲಿಪಿಯಲ್ಲಿ, ಕನ್ನಡ ಬಲ್ಲವರೂ ಗುರುತಿಸಲಾರದಂತೆ ದಾಖಲಿಸಲಾಗಿತ್ತು. ಹತ್ತಾರು ವರ್ಷ ಕಪಾಟಿನಲ್ಲಿ ಧೂಳು ತಿಂದ ಪುಸ್ತಕ ಈಗ ಗಣಕದೊಳಗೆ ಹೆಸರಿಲ್ಲದೆ ಕಳೆದುಹೋಯಿತು. ಇದನ್ನು ಕಂಡು 'ಸಂಚಯ' ಎಂಬ ಬೆಂಗಳೂರಿನ ಕನ್ನಡ ಯುವಕ ಯುವತಿಯರ ಗುಂಪು ಉಸ್ಮಾನಿಯಾ ಮತ್ತು ಡಿಜಿಟಲ್ ಗ್ರಂಥಾಲಯಗಳ ಕನ್ನಡ ಪುಸ್ತಕಗಳ ಹೆಸರುಗಳನ್ನು ಆಸಕ್ತರ ನೆರವಿನಿಂದ ಕನ್ನಡ ಲಿಪಿಗೆ ತಂದು, ಕನ್ನಡದಲ್ಲೇ ಹುಡುಕಲು ಬರುವ 'ಪುಸ್ತಕ ಸಂಚಯ'ವನ್ನು ಕಟ್ಟಿತು. ಸರ್ಕಾರದ ಅನುದಾನಕ್ಕೆ ಕಾಯದೆ ಮಾಡಿದ ಕೆಲಸವಿದು. ಹೊರನಾಡಿನ ನಾವು ಇಂಥವರನ್ನು ಕರೆದು ಸನ್ಮಾನಿಸಬೇಕು. ನಟನಟಿಯರಿಗೆ ಹೊದಿಸಿ ಉಳಿದ ಶಾಲುಗಳಿದ್ದರೆ.

ಕಳೆದ ಕೆಲವು ವರ್ಷಗಳಲ್ಲಿ ಒಂದು ಹೊಸ ಆಕ್ಷೇಪ ಕೇಳಿಬರುತ್ತಿದೆ. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದಂದಿನಿಂದ ಹುಡುಕುವ ಶ್ರಮವೇಕೆ, ಯಂತ್ರವನ್ನು ಕೇಳಿದರೆ ಅದೇ ಹೇಳುತ್ತದಲ್ಲ ಎಂಬ ಮಾತು. ನಾನೂ ಕುತೂಹಲದಿಂದ ಇಂಥ ಒಂದು ಯಂತ್ರವನ್ನು ನಿಜಾಮ್ ಕಾಲದ ಕನ್ನಡ ಶಾಲೆಗಳ ಬಗ್ಗೆ ಪುಸ್ತಕಗಳನ್ನು ಹೇಳು ಎಂದು ಕೇಳಿದೆ. ತಡವರಿಸದೆ ಐದನ್ನು ಹೇಳಿತು. ಲೇಖಕರ ಹೆಸರು, ಪ್ರಕಾಶಕರು, ಇಸವಿ ಎಲ್ಲವೂ ನಂಬುವಂತಿದ್ದವು. ಎರಡು ಇದ್ದವು, ಉಳಿದ ಮೂರನ್ನು ಯಾವ ಸೂಚಿಯಲ್ಲೂ ಕಾಣಲಿಲ್ಲ. ಸುಳ್ಳು ಹೇಳುವ ಉದ್ದೇಶ ಯಂತ್ರಕ್ಕಿಲ್ಲ. ಇರಬಹುದಾದಂಥ ಹೆಸರುಗಳನ್ನು ಅದು ಪೋಣಿಸುತ್ತದೆ, ಕನ್ನಡದಂಥ ಭಾಷೆಗಳಲ್ಲಿ ಅದಕ್ಕೆ ಆಧಾರವಾಗುವ ಬರಹ ಕಡಿಮೆಯಾದ್ದರಿಂದ ಹೆಚ್ಚಾಗಿ ಪೋಣಿಸುತ್ತದೆ. ಐದರಲ್ಲಿ ಯಾವ ಎರಡು ನಿಜವೆಂದು ತಿಳಿಯಬೇಕಾದರೆ ಸೂಚಿಯನ್ನು ನೋಡಲು ಬರಬೇಕು. ಹುಡುಕುವ ವಿದ್ಯೆ ಈಗ ಅನಗತ್ಯವಾಗಿದೆ ಎನ್ನುವವರು ಮಾಣಿಯನ್ನು ನಂಬಿ ಬಿಲ್ಲು ನೋಡದೆ ದುಡ್ಡು ಕೊಡುವವರಂತೆ ನನಗೆ ಕಾಣುತ್ತಾರೆ.

ಮೊಬೈಲ್ ಸಾಲದೇ ಎನ್ನುವವರಿಗೂ ಒಂದು ಮಾತು. ಓದಿಗೆ ಸಾಲಬಹುದು. ಸೂಚಿಯನ್ನು ಒಂದು ಕಡೆ, ಛಾಯಾಪ್ರತಿಯನ್ನು ಇನ್ನೊಂದು ಕಡೆ ತೆರೆದು, ನಡುವೆ ಟಿಪ್ಪಣಿ ಬರೆಯುತ್ತ ಹೋಗುವುದಕ್ಕೆ ಆ ಕಿರುಪರದೆ ಸಾಲದು. ಮೂವತ್ತು ಮಂದಿಯ ಮೊಬೈಲ್‌ಗಳು ಮೂವತ್ತು ಬಗೆ. ಪಾಠ ಹೇಳುವವರು ಯಾರದನ್ನೆಂದು ತಿದ್ದಬೇಕು? ವಿದ್ಯಾರ್ಥಿಗಳ ಸ್ವಂತ ಲ್ಯಾಪ್‌ಟಾಪ್‌ಗಳನ್ನೇ ತರಹೇಳಿದರೂ ಇದೇ ತೊಡಕು, ಇದರ ಜೊತೆಗೆ ಯಂತ್ರವಿಲ್ಲದ ಮೂರು ನಾಲ್ಕು ಮಂದಿ ಹಿಂದಿನ ಸಾಲಿನಲ್ಲಿ ಮೌನವಾಗಿ ಕೂರುತ್ತಾರೆ. ಆ ಮೂರು ನಾಲ್ಕು ಮಂದಿ ಹೆಚ್ಚಾಗಿ ನಮ್ಮ ಕಲ್ಯಾಣ ಕರ್ನಾಟಕದ ಹಳ್ಳಿಗಳಿಂದ ಬಂದವರೇ ಆಗಿರುತ್ತಾರೆಂಬುದನ್ನು ನಾವು ಇಲ್ಲಿ ಕುಳಿತು ಕಂಡಿದ್ದೇವೆ. ಗ್ರಂಥಾಲಯದ್ದೇ ಯಂತ್ರವಾದರೆ ಎಲ್ಲರ ಮುಂದೆಯೂ ಒಂದೇ ಪರದೆ, ಒಂದೇ ಕನ್ನಡ ಕೀಲಿಮಣೆ.

ನಾನು ಎಂ.ಎ. ಓದುತ್ತಿದ್ದ 1990ರ ದಶಕದ ಆರಂಭದಲ್ಲಿ ನಮ್ಮ ಗ್ರಂಥಾಲಯದಲ್ಲಿ ಮರದ ಖಾನೆಗಳ ಕಾರ್ಡು ಸೂಚಿ ಇತ್ತು. ಅಲ್ಲಿದ್ದ ಒಬ್ಬ ಹಿರಿಯ ಸಹಾಯಕರು ನಾನು ಖಾಲಿ ಕೈಯಲ್ಲಿ ಮರಳುತ್ತಿದ್ದುದನ್ನು ಎರಡು ದಿನ ನೋಡಿ, ಮೂರನೆಯ ದಿನ ಕರೆದು, ಕರ್ತೃಸೂಚಿ ಬೇರೆ, ವಿಷಯಸೂಚಿ ಬೇರೆ, ಒಂದರಲ್ಲಿ ಸಿಗದಿದ್ದರೆ ಇನ್ನೊಂದಕ್ಕೆ ಹೋಗಬೇಕು, ಸಿಕ್ಕ ಕಾರ್ಡಿನ ಕೆಳಗೆ ಬರ��ದಿರುವ 'ನೋಡಿ' ಎಂಬ ಸೂಚನೆಯನ್ನು ಬಿಡಬಾರದು ಎಂದು ಅರ್ಧ ಗಂಟೆ ಹೇಳಿಕೊಟ್ಟರು. ಆ ಅರ್ಧ ಗಂಟೆಯಿಂದ ನಾನು ಇಂದಿಗೂ ಬದುಕುತ್ತಿದ್ದೇನೆ. ಅಣ್ಣನ ಮಗಳಿಗೆ ಅಂದು ಊಟದ ಮೇಜಿನ ಮೇಲೆ ತೋರಿಸಿದ್ದೆಲ್ಲ ಅವರ ಪಾಠವೇ. ಅವರು ಪುಣ್ಯಕ್ಕೆ ಕರೆದು ಹೇಳಿದರು. ಅದು ಅವರ ಕರ್ತವ್ಯಪಟ್ಟಿಯಲ್ಲಿ ಇರಲಿಲ್ಲ.

ನಾನು ಕೇಳುವುದು ಹೆಚ್ಚಿನದೇನಲ್ಲ. ಪದವಿಯ ಮೊದಲ ವರ್ಷದಲ್ಲಿ ವಾರಕ್ಕೆ ಒಂದರಂತೆ ಹತ್ತು ತರಗತಿ. ಇಬ್ಬರಿಗೆ ಒಂದು ಯಂತ್ರ, ಏಕೆಂದರೆ ಪಕ್ಕದವರಿಗೆ ವಿವರಿಸುವಾಗ ಕಲಿಕೆ ಗಟ್ಟಿಯಾಗುತ್ತದೆ. ಪಾಠ ಕಪಾಟುಗಳ ನಡುವೆ. ಕೊನೆಯಲ್ಲಿ ಪ್ರತಿಯೊಬ್ಬರೂ ತಮ್ಮ ಊರಿನ ಬಗ್ಗೆ ಹತ್ತು ಪುಸ್ತಕ ಅಥವಾ ಲೇಖನಗಳ ಪಟ್ಟಿಯನ್ನು ಎಲ್ಲಿ ಸಿಕ್ಕಿತೆಂಬ ವಿವರದೊಡನೆ ಒಪ್ಪಿಸಬೇಕು. ಅದಕ್ಕೆ ಅಂಕ ಕೊಡಬೇಕು. ಅಂಕವಿಲ್ಲದ ಪಾಠಕ್ಕೆ ನಮ್ಮ ಮಕ್ಕಳು ಬರುವುದಿಲ್ಲ, ನಾವೂ ಬರುತ್ತಿರಲಿಲ್ಲ.

ವಿಶ್ವವಿದ್ಯಾಲಯಗಳು ಇದಕ್ಕೆ ಒಪ್ಪುವವರೆಗೆ ನಮ್ಮ ಸಂಘ ಸುಮ್ಮನಿರಬೇಕಾಗಿಲ್ಲ. ಈ ನಗರದಲ್ಲಿ 1901ರಲ್ಲಿ ಶ್ರೀಕೃಷ್ಣದೇವರಾಯ ಆಂಧ್ರಭಾಷಾ ನಿಲಯವನ್ನು ಕಟ್ಟಿದ ತೆಲುಗರು ಉರ್ದು ಸರ್ಕಾರದ ಅನುದಾನಕ್ಕೆ ಕಾದು ಕೂತವರಲ್ಲ. ನಮ್ಮ ಸದಸ್ಯರಲ್ಲಿ ಅನೇಕರು ಗಣಕೋದ್ಯಮದಲ್ಲಿದ್ದಾರೆ. ಅವರ ಮನೆಗಳಲ್ಲಿ ಮೂರು ನಾಲ್ಕು ವರ್ಷ ಬಳಸಿ ಬದಿಗಿಟ್ಟ ಹಗುರ ಲ್ಯಾಪ್‌ಟಾಪ್‌ಗಳಿವೆ. ಆರು ಸಿಕ್ಕರೂ ಹನ್ನೆರಡು ವಿದ್ಯಾರ್ಥಿಗಳಿಗಾಯಿತು. ನಮ್ಮ ನಡುವೆ ನಿವೃತ್ತ ಗ್ರಂಥಪಾಲರೊಬ್ಬರಿದ್ದಾರೆ. ಕೇಳಿದೆ, ಮಂಡಿನೋವು ಇದೆ, ಆದರೂ ಬರುತ್ತೇನೆ ಎಂದರು. ಸಂಘದ ಪುಸ್ತಕ ಭಂಡಾರದ ಕೀಲಿ ಕಾರ್ಯದರ್ಶಿಗಳ ಬಳಿ ಇದೆ. ಅಲ್ಲಿನ ಪುಸ್ತಕಗಳಿಗೆ ಇನ್ನೂ ಸೂಚಿ ಇಲ್ಲವಾದ್ದರಿಂದ ಹುಡುಕುವುದನ್ನೂ ಸೂಚಿ ಮಾಡುವುದನ್ನೂ ಒಟ್ಟಿಗೇ ಕಲಿಯಬಹುದು. ಅಣ್ಣನ ಮಗಳು ತನ್ನ ಹಾಸ್ಟೆಲಿನಿಂದ ನಾಲ್ವರನ್ನು ಕರೆತರುವುದಾಗಿ ಹೇಳಿದ್ದಾಳೆ, ಒಬ್ಬಳು ಕಾಸರಗೋಡಿನವಳಂತೆ. ಮುಂದಿನ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಎಂದು ಸದ್ಯಕ್ಕೆ ಗೊತ್ತುಮಾಡಿದ್ದೇವೆ. ಯಂತ್ರ ಕೊಡುವವರು ಚಾರ್ಜರನ್ನೂ ಮರೆಯದೆ ಕೊಡಬೇಕೆಂದು ವಿನಂತಿ.